ಒಂದು ಆ್ಯಪ್, ಎರಡು ಡೇಟಾಬೇಸ್: ಕನೆಕ್ಷನ್ ಸೋರಿಕೆ ನಿಲ್ಲಿಸಿದ ನನ್ನ ಅನುಭವ

ನಾನು ನೋಡಿಕೊಳ್ಳುವ ಜಾವಾ ವೆಬ್ ಆ್ಯಪ್‌ಗೆ ಎರಡು ಡೇಟಾಬೇಸ್ ಇವೆ. ಆರ್ಡರ್‌ಗಳು ಪೋಸ್ಟ್‌ಗ್ರೆಸ್‌ನಲ್ಲಿ, ಗ್ರಾಹಕರ ವಿವರ ಹಳೆಯ ಮೈಎಸ್‌ಕ್ಯೂಎಲ್‌ನಲ್ಲಿ. ಜನ ಜಾಸ್ತಿ ಬಂದಾಗ ಪೇಜ್ ಸುಮ್ನೆ ಸುತ್ತುತ್ತಿತ್ತು, ಅರ್ಧ ನಿಮಿಷಕ್ಕೆ ಸರಿಯಾಗಿ ಎರರ್ ಬರುತ್ತಿತ್ತು. ಸುಳಿವು ಸಿಕ್ಕಿದ್ದು ಅಲ್ಲೇ. ಡೇಟಾಬೇಸ್ ಕನೆಕ್ಷನ್‌ಗಳನ್ನು ಪೂಲ್‌ನಲ್ಲಿ ತೆರೆದಿಟ್ಟು, ಕೇಳಿದಾಗ ಕೊಟ್ಟು ಮರಳಿ ಪಡೆಯುವ ಲೈಬ್ರರಿ ಹಿಕಾರಿ. ಕನೆಕ್ಷನ್ ಸಿಗದಿದ್ದರೆ ಅದು 30 ಸೆಕೆಂಡ್ ಕಾದು ಕೈಬಿಡುತ್ತದೆ, ಅದು ಅದರ ಡಿಫಾಲ್ಟ್.

ಪೂಲ್ ದೊಡ್ಡದು ಮಾಡಿದರೆ ಆಯ್ತಲ್ವಾ ಎಂದರು ಕೆಲವರು. ನಾನು ಒಪ್ಪಲಿಲ್ಲ. ಪೋಸ್ಟ್‌ಗ್ರೆಸ್ ಪ್ರತಿ ಕನೆಕ್ಷನ್‌ಗೂ ಒಂದು ಪ್ರತ್ಯೇಕ ಪ್ರೋಸೆಸ್ ಎಬ್ಬಿಸುತ್ತದೆ. ಡಿಫಾಲ್ಟ್ ಮಿತಿ 100. ಆ್ಯಪ್‌ನ ನಾಲ್ಕು ಕಾಪಿ ಓಡುತ್ತಿದ್ದು, ಒಂದೊಂದಕ್ಕೂ 30 ಕೊಟ್ಟರೆ ಮಿತಿ ದಾಟಿಯೇ ಹೋಗುತ್ತದೆ. ತೆಗೆದ ಕನೆಕ್ಷನ್ ಪೂಲ್‌ಗೆ ವಾಪಸ್ ಬಾರದೆ ಸೋರುವ ಕಡೆ ಹುಡುಕಬೇಕಿತ್ತು.

ಹಿಕಾರಿಯ ಲೀಕ್ ಡಿಟೆಕ್ಷನ್ ಅನ್ನು 10 ಸೆಕೆಂಡ್‌ಗೆ ಇಟ್ಟೆ. ಅಷ್ಟು ಹೊತ್ತಾದರೂ ವಾಪಸ್ ಬಾರದ ಕನೆಕ್ಷನ್ ಯಾವ ಸಾಲಿನಲ್ಲಿ ತೆಗೆದದ್ದು ಅಂತ ಲಾಗ್‌ನಲ್ಲಿ ಬರುತ್ತದೆ. ಒಂದಿಷ್ಟು ರಿಪೋರ್ಟ್ ಕೋಡ್‌ನಲ್ಲಿ ಎಕ್ಸೆಪ್ಷನ್ ಬಂದರೆ ಕ್ಲೋಸ್ ತನಕ ತಲುಪುತ್ತಲೇ ಇರಲಿಲ್ಲ. ಅದಕ್ಕೆ ಮದ್ದು ಸುಲಭ: ಜಾವಾ 7ರಿಂದ ಇರುವ ಟ್ರೈ-ವಿತ್-ರಿಸೋರ್ಸಸ್. ಕನೆಕ್ಷನ್, ಸ್ಟೇಟ್‌ಮೆಂಟ್, ರಿಸಲ್ಟ್ ಸೆಟ್ ಮೂರನ್ನೂ ಅದರಲ್ಲೇ ತೆರೆದೆ. ಎರರ್ ಬಂದರೂ ಕೊನೆಯದರಿಂದ ಮೊದಲಿನದರ ಕಡೆಗೆ ತಾನಾಗಿಯೇ ಮುಚ್ಚಿಕೊಳ್ಳುತ್ತವೆ. ಪೂಲ್ ಇದ್ದಾಗ ಕ್ಲೋಸ್ ಎಂದರೆ ಕನೆಕ್ಷನ್ ಕಡಿಯುವುದಲ್ಲ, ಪೂಲ್‌ಗೆ ಮರಳಿಸುವುದು. ಹಾಗಾಗಿ ಬೇಗ ಕ್ಲೋಸ್ ಮಾಡಿದರೆ ದುಬಾರಿ ಅನ್ನುವ ಅಂಜಿಕೆ ಬೇಡ.

ನಿಜವಾದ ಗಂಟು ಬೇರೆ ಕಡೆ ಇತ್ತು. ಒಂದು ಪೇಜ್ ಪೋಸ್ಟ್‌ಗ್ರೆಸ್ ಕನೆಕ್ಷನ್ ಹಿಡಿದುಕೊಂಡು ಮೈಎಸ್‌ಕ್ಯೂಎಲ್‌ಗೆ ಕಾಯುತ್ತಿತ್ತು. ಇನ್ನೊಂದು ಪೇಜ್ ಅದರ ಉಲ್ಟಾ. ಎರಡೂ ಪೂಲ್ ಖಾಲಿಯಾದಾಗ ಯಾರೂ ಯಾರಿಗೂ ಬಿಟ್ಟುಕೊಡುವುದಿಲ್ಲ. ಇಲ್ಲಿ ಏನೂ ಸೋರಿಲ್ಲ, ಆದರೂ ಎಲ್ಲ ನಿಂತುಹೋಗುತ್ತದೆ. ನನ್ನ ಪ್ರಕಾರ ಎರಡು ಡೇಟಾಬೇಸ್ ಇರುವ ಆ್ಯಪ್‌ನಲ್ಲಿ ಮೊದಲು ನೋಡಬೇಕಾದ ಜಾಗ ಇದೇ. ಗ್ರಾಹಕರ ವಿವರ ಮೊದಲು ಓದಿ, ಒಂದು ಲಿಸ್ಟ್‌ಗೆ ತುಂಬಿ, ಆ ಕನೆಕ್ಷನ್ ಮುಚ್ಚಿದ ಮೇಲೆಯೇ ಆರ್ಡರ್ ಕಡೆ ಹೋಗುವ ಹಾಗೆ ಕೋಡ್ ಬದಲಿಸಿದೆ. ಪೇಮೆಂಟ್ ಸರ್ವಿಸ್ ಕರೆಯುವಾಗಲೂ ಅಷ್ಟೇ, ಕೈಯಲ್ಲಿ ಯಾವ ಕನೆಕ್ಷನ್ನೂ ಇರಬಾರದು.

ಪೋಸ್ಟ್‌ಗ್ರೆಸ್ 9.6ರಿಂದ ಇನ್ನೊಂದು ಅನುಕೂಲ ಇದೆ: ಟ್ರಾನ್ಸಾಕ್ಷನ್ ತೆರೆದು ಸುಮ್ಮನೆ ಕೂತ ಸೆಷನ್‌ಗೆ ಟೈಮ್‌ಔಟ್ ಇಡಬಹುದು. ಅದನ್ನೂ ಹಾಕಿದೆ. ಮೈಎಸ್‌ಕ್ಯೂಎಲ್ ಸುಮ್ಮನಿರುವ ಕನೆಕ್ಷನ್ ಅನ್ನು ಡಿಫಾಲ್ಟ್ ಆಗಿ 8 ಗಂಟೆಗೆ ಕಡಿಯುತ್ತದೆ, ನಮ್ಮ ಸರ್ವರ್‌ನಲ್ಲಿ ಇನ್ನೂ ಕಡಿಮೆ ಇತ್ತು. ಒಂದು ಕನೆಕ್ಷನ್ ಪೂಲ್‌ನಲ್ಲಿ ಗರಿಷ್ಠ ಎಷ್ಟು ಹೊತ್ತು ಇರಬಹುದು ಎಂದು ಹೇಳುವ ಹಿಕಾರಿಯ ಮ್ಯಾಕ್ಸ್ ಲೈಫ್‌ಟೈಮ್ ಅದಕ್ಕಿಂತ ಚಿಕ್ಕದಿಟ್ಟೆ. ಆ್ಯಪ್ ಓಡಿಸುವ ಸರ್ವರ್ ಟಾಮ್‌ಕ್ಯಾಟ್‌ನಲ್ಲಿ ಆ್ಯಪ್ ಇಳಿಸುವಾಗ ಎರಡೂ ಪೂಲ್ ಮುಚ್ಚಲು ಒಂದು ಕಾಂಟೆಕ್ಸ್ಟ್ ಲಿಸನರ್ (ಆ್ಯಪ್ ಶುರುವಾದಾಗ, ನಿಂತಾಗ ತಾನಾಗಿ ಓಡುವ ಕೋಡ್) ಸಾಕಾಯಿತು.