ಶೂಟಿಂಗ್‌ಗೆ ಹೋದವರೇ ಸಾಯುವ ಹಾರರ್ ಸಿನಿಮಾಗಳು: ಯಾವುದು ಮೊದಲು, ಹೇಗೆ ನೋಡಬೇಕು?

ಸಿನಿಮಾ ತೆಗೆಯಲು ಹೋದ ತಂಡ ಒಬ್ಬೊಬ್ಬರಾಗಿ ಸಾಯುವ ಕಥೆಗಳು ಬೇಕಾದಷ್ಟಿವೆ. ಸುಮ್ನೆ ಸಿಕ್ಕಿದ್ದನ್ನು ಹಾಕಿಕೊಂಡು ಕೂತರೆ ಎರಡನೆಯದಕ್ಕೇ ಬೇಜಾರಾಗುತ್ತದೆ, ಯಾಕಂದ್ರೆ ಅಲುಗಾಡುವ ಕ್ಯಾಮೆರಾ, ಓಟ, ಕಿರುಚಾಟ ಎಲ್ಲದರಲ್ಲೂ ಒಂದೇ. ಅದಕ್ಕೆ ನೋಡುವಾಗ ಒಂದು ಪ್ರಶ್ನೆ ಕೇಳಿಕೊಳ್ಳಿ: ಇಷ್ಟೆಲ್ಲ ಆಗುತ್ತಿದ್ದರೂ ಇವರು ಕ್ಯಾಮೆರಾ ಆಫ್ ಮಾಡುತ್ತಿಲ್ಲವಲ್ಲ, ಯಾಕೆ? ಉತ್ತರ ಸಿಗದಿದ್ದರೆ ಅರ್ಧಕ್ಕೇ ನಿಲ್ಲಿಸಿ, ನಷ್ಟವೇನಿಲ್ಲ.

ಜಪಾನಿನ 'ಒನ್ ಕಟ್ ಆಫ್ ದ ಡೆಡ್' (2017) ಇಂದ ಶುರು ಮಾಡಿ. ಜೋಂಬಿ ಸಿನಿಮಾ ತೆಗೆಯುತ್ತಿರುವವರ ಮೇಲೆ ನಿಜವಾದ ಜೋಂಬಿಗಳೇ ಬಂದು ಬೀಳುತ್ತವೆ. ಮೊದಲ 37 ನಿಮಿಷ ಒಂದೇ ಶಾಟ್. ನಟನೆ ಪೆದ್ದುಪೆದ್ದು, ಮಾತು ಮಧ್ಯೆ ಮಧ್ಯೆ ತಡವರಿಸುತ್ತದೆ, ಇದೇನಪ್ಪಾ ಕರ್ಮ ಅನ್ನಿಸುತ್ತದೆ. ಅಲ್ಲಿ ಎದ್ದು ಹೋದಿರೋ, ಸಿನಿಮಾ ನೋಡಿದ ಹಾಗೇ ಅಲ್ಲ. ಟ್ರೈಲರ್ ನೋಡಬೇಡಿ, ಕಥೆ ಓದಬೇಡಿ, ಆಗಲೇ ನೋಡಿರುವ ಗೆಳೆಯರಿದ್ದರೆ ಬಾಯಿ ಮುಚ್ಚಿಕೊಂಡಿರಲು ಹೇಳಿ.

ಆಮೇಲೆ 'ಶ್ಯಾಡೋ ಆಫ್ ದ ವ್ಯಾಂಪೈರ್' (2000). 1922ರ 'ನೊಸ್ಫೆರಾಟು'ವಿನಲ್ಲಿ ರಕ್ತಪಿಶಾಚಿಯಾಗಿದ್ದ ನಟ ನಿಜವಾಗಿಯೂ ಪಿಶಾಚಿಯೇ ಆಗಿದ್ದರೆ ಎಂಬುದು ಕಥೆ. ನಿರ್ದೇಶಕ ಮುರ್ನೌಗೆ ಇದು ಗೊತ್ತು, ಗೊತ್ತಿದ್ದೇ ಕರೆತಂದಿದ್ದಾನೆ. ಪಿಶಾಚಿ ಕ್ಯಾಮೆರಾಮನ್‌ಗೆ ಬಾಯಿ ಹಾಕಿದಾಗ ಮುರ್ನೌಗೆ ಬರುವ ಸಿಟ್ಟು ನೋಡಿ. ಮನುಷ್ಯನಿಗೆ ಹೀಗಾಯಿತಲ್ಲ ಅಂತಲ್ಲ, ಶೂಟಿಂಗ್ ನಿಲ್ಲುತ್ತಲ್ಲ ಅಂತ! ಪಿಶಾಚಿಗಿಂತ ಇವನೇ ಜಾಸ್ತಿ ಭಯ ಹುಟ್ಟಿಸುತ್ತಾನೆ.

'ದ ಬ್ಲೇರ್ ವಿಚ್ ಪ್ರಾಜೆಕ್ಟ್' (1999) ಅನ್ನು ದೀಪ ಆರಿಸಿ, ಹೆಡ್‌ಫೋನ್ ಹಾಕಿಕೊಂಡೇ ನೋಡಿ, ಅಲ್ಲಿರುವ ಹೆದರಿಕೆಯಲ್ಲಿ ಹೆಚ್ಚಿನದು ಸದ್ದಿನಲ್ಲಿದೆ, ತೆರೆಯ ಮೇಲೆ ಮಾಟಗಾತಿ ಬರುವುದೇ ಇಲ್ಲ. ಕಾಡಿನಲ್ಲಿ ದಾರಿ ತಪ್ಪಿದ ಮೂವರು ವಿದ್ಯಾರ್ಥಿಗಳನ್ನು ಚಿತ್ರೀಕರಿಸಿದ್ದೂ ಆ ನಟರೇ. ನಿರ್ದೇಶಕರು ಅವರಿಗೆ ದಿನದಿನಕ್ಕೆ ಊಟ ಕಡಿಮೆ ಮಾಡುತ್ತಾ ಬಂದರಂತೆ, ಆ ಜಗಳಗಳು ಅಷ್ಟು ನಿಜವಾಗಿ ಕಾಣುವುದು ಸುಮ್ನೆ ಅಲ್ಲ. ಇಲ್ಲಿ ನಮ್ಮ ಪ್ರಶ್ನೆಗೆ ನೇರ ಉತ್ತರವೇ ಇದೆ: ಲೆನ್ಸ್ ಮೂಲಕ ನೋಡಿದರೆ ನಡೆಯುತ್ತಿರುವುದು ಪೂರ್ತಿ ನಿಜ ಅನ್ನಿಸುವುದಿಲ್ಲ.

'ಕ್ಯಾನಿಬಲ್ ಹೋಲೋಕಾಸ್ಟ್' (1980) ಬಗ್ಗೆ ಕೇಳಿರುತ್ತೀರಿ. ಅದರಲ್ಲಿನ ಸಾವುಗಳು ನಿಜವೇ ಇರಬೇಕೆಂಬ ಅನುಮಾನ ಬಂದು, ನಟರು ಬದುಕಿದ್ದಾರೆ ಎಂದು ನಿರ್ದೇಶಕ ಇಟಲಿಯ ಕೋರ್ಟಿನಲ್ಲಿ ತೋರಿಸಬೇಕಾಯಿತು, ನಿಜ. ಆದರೆ ಅದರಲ್ಲಿ ಪ್ರಾಣಿಗಳನ್ನು ಮಾತ್ರ ನಿಜವಾಗಿಯೇ ಕೊಂದಿದ್ದಾರೆ. ನಾನಂತೂ ಬಿಟ್ಟುಬಿಡಿ ಅನ್ನುತ್ತೇನೆ.

ಅದರ ಬದಲು ಮೈಕೆಲ್ ಪೊವೆಲ್ ಅವರ 'ಪೀಪಿಂಗ್ ಟಾಮ್' (1960) ನೋಡಿ. ಸ್ಟುಡಿಯೋದಲ್ಲಿ ಕೆಲಸ ಮಾಡುವ ಸಂಕೋಚದ ಹುಡುಗ, ತಾನು ಕೊಲ್ಲುವವರ ಮುಖದ ಭಯವನ್ನೇ ಚಿತ್ರೀಕರಿಸಿಕೊಳ್ಳುತ್ತಾನೆ. ರಕ್ತ ಕಾಣುವುದೇ ಅಪರೂಪ, ಆದರೂ ಆಗಿನ ವಿಮರ್ಶಕರು ಎಷ್ಟು ಉಗಿದರೆಂದರೆ ಬ್ರಿಟನ್ನಿನಲ್ಲಿ ಪೊವೆಲ್‌ಗೆ ಕೆಲಸ ಸಿಗುವುದೇ ಕಷ್ಟವಾಯಿತು. ಆ ಹುಡುಗನ ಅಪ್ಪ ತೆಗೆದ ಹಳೆಯ ರೀಲುಗಳು ಬರುವ ಭಾಗವನ್ನು ಗಮನವಿಟ್ಟು ನೋಡಿ, ಕ್ಯಾಮೆರಾ ಯಾಕೆ ಬಿಡುತ್ತಿಲ್ಲ ಅನ್ನುವುದು ಅಲ್ಲೇ ಇದೆ.

ಇಲ್ಲಪ್ಪ, ನನಗೆ ರಕ್ತವೇ ಬೇಕು ಅನ್ನುವವರಿಗೆ 'ಎಕ್ಸ್' (2022) ಇದೆ. 1979ರಲ್ಲಿ ಟೆಕ್ಸಾಸಿನ ತೋಟದ ಮನೆಯೊಂದಕ್ಕೆ ನೀಲಿಚಿತ್ರ ತೆಗೆಯಲು ಹೋದವರ ಕಥೆ, ಮನೆಮಂದಿಯ ಜೊತೆ ಕೂತು ಹಾಕಬೇಡಿ.