ಒಂದೇ ಕಾಲು ಊದಿದೆಯಾ? ಸೂಜಿ ಭಯಕ್ಕೆ ಪರೀಕ್ಷೆ ಬಿಡಬೇಡಿ

ಒಂದೇ ಕಾಲು ಊದಿಕೊಂಡು, ಮೀನಖಂಡ ನೋಯುತ್ತಾ, ಮುಟ್ಟಿದರೆ ಬಿಸಿ ಇದ್ದರೆ ಉಳುಕು ಅಂತ ಸುಮ್ನೆ ಎಣ್ಣೆ ಹಚ್ಚಿ ತಿಕ್ಕಬೇಡಿ. ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಅದೇ ದಿನ ತೋರಿಸಿ. ಆಪರೇಷನ್ ಆದವರು, ಬಾಣಂತಿಯರು ಇನ್ನೂ ಹುಷಾರಾಗಿರಬೇಕು.

ಸೂಜಿ ಅಂದ್ರೆ ಜೀವ ಹೋಗುತ್ತೆ ಅನ್ನುವವರು ಇದನ್ನು ಓದಲೇಬೇಕು. ಮುಖ್ಯ ಪರೀಕ್ಷೆಯಾದ ಡಾಪ್ಲರ್ ಸ್ಕ್ಯಾನ್‌ಗೆ (ರಕ್ತನಾಳ ನೋಡುವ ಅಲ್ಟ್ರಾಸೌಂಡ್) ಸೂಜಿಯೇ ಬೇಡ. ತಣ್ಣಗಿನ ಜೆಲ್ ಹಚ್ಚಿ, ತೊಡೆಸಂದಿಯಿಂದ ಕೆಳಗೆ ಸ್ಕ್ಯಾನ್ ಮಾಡುವ ಪುಟ್ಟ ಸಾಧನವನ್ನು (ಪ್ರೋಬ್) ಒತ್ತುತ್ತಾ ಬರುತ್ತಾರೆ. ಒತ್ತಿದಾಗ ರಕ್ತನಾಳ ಚಪ್ಪಟೆಯಾಗಬೇಕು. ಆಗದಿದ್ದರೆ ಅಲ್ಲಿ ಹೆಪ್ಪು ಇದೆ ಎಂದು ಗೊತ್ತಾಗುತ್ತದೆ.

ಕೆಲವರಿಗೆ ಹೆಪ್ಪಿನ ಸುಳಿವು ನೋಡುವ ಡಿ-ಡೈಮರ್ ಅನ್ನೋ ರಕ್ತಪರೀಕ್ಷೆಯೂ ಬೇಕಾಗುತ್ತದೆ. ತೋಳಿನಿಂದ ಸ್ವಲ್ಪ ರಕ್ತ, ಅಷ್ಟೇ. 'ನನಗೆ ಸೂಜಿ ಭಯ, ಮಲಗಿಸಿ ತೆಗೆಯಿರಿ' ಅಂತ ರಕ್ತ ತೆಗೆಯುವವರಿಗೆ ಮೊದಲೇ ಹೇಳಿ. ಅದರಲ್ಲಿ ಸಂಕೋಚ ಏನು ಬಂತು? ಅವರು ಇಂಥವರನ್ನು ದಿನಾ ನೋಡುತ್ತಾರೆ. ಮುಖ ಆ ಕಡೆ ತಿರುಗಿಸಿಕೊಂಡು ಜೊತೆಗೆ ಬಂದವರ ಹತ್ತಿರ ಮಾತಾಡುತ್ತಿರಿ. ಚರ್ಮ ಮರಗಟ್ಟಿಸುವ ಕ್ರೀಮ್ ಕೂಡ ಇದೆ, ಕೇಳಿ ನೋಡಿ. ಹೆಪ್ಪು ಸಿಕ್ಕರೂ ಈಗ ಎಷ್ಟೋ ಜನರಿಗೆ ಮಾತ್ರೆಯಲ್ಲೇ ಚಿಕಿತ್ಸೆ ಆಗುತ್ತದೆ.

ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ, ಕೆಮ್ಮಿದಾಗ ರಕ್ತ ಕಂಡರೆ ಹೆಪ್ಪು ಶ್ವಾಸಕೋಶಕ್ಕೆ ಹೋಗಿರಬಹುದು, ಕಾಯಬೇಡಿ. ತಕ್ಷಣ 108ಕ್ಕೆ ಫೋನ್ ಮಾಡಿ.