ಐಟಿ ಅನುಭವ ಯಾವ ದೇಶದಲ್ಲೂ ಸಲ್ಲುವಂತೆ ಕಡತ ಕಟ್ಟುವುದು ಹೇಗೆ?

ಒಂದು ಕಂಪನಿಯ ‘ಸೀನಿಯರ್ ಕನ್ಸಲ್ಟೆಂಟ್’ ನಾಲ್ಕು ವರ್ಷ ಕೆಲಸ ಮಾಡಿದವರು, ಪಕ್ಕದ ಕಟ್ಟಡದ ‘ಸೀನಿಯರ್ ಕನ್ಸಲ್ಟೆಂಟ್’ ಹನ್ನೆರಡು ವರ್ಷ ಮಾಡಿದವರು. ಹುದ್ದೆಯ ಹೆಸರು ಆ ಕಂಪನಿಯ ಗೇಟು ದಾಟಿದರೆ ಏನನ್ನೂ ಹೇಳುವುದಿಲ್ಲ. ಚಾರ್ಟರ್ಡ್ ಅಕೌಂಟೆಂಟರಿಗೆ 1949ರ ಕಾಯ್ದೆ ಇದೆ, ವಕೀಲರಿಗೆ 1961ರದ್ದು. ಸಾಫ್ಟ್‌ವೇರ್ ಕೆಲಸಕ್ಕೆ ನಮ್ಮಲ್ಲಿ ಅಂಥ ಕಾಯ್ದೆಯೂ ಇಲ್ಲ, ನೋಂದಣಿಯೂ ಇಲ್ಲ. ಹಾಗಾಗಿ ನಿಮ್ಮ ಅನುಭವಕ್ಕೆ ಬೆಲೆ ಬರಬೇಕಾದರೆ, ಹೊರಗಿನವರು ಪರಿಶೀಲಿಸಿ ಒಪ್ಪುವಂಥ ಪುರಾವೆಯನ್ನು ನೀವೇ ಕೂಡಿಸಿಡಬೇಕು. ಕೆಲಸ ಬಿಟ್ಟ ಮೇಲೆ ಶುರು ಮಾಡಿದರೆ ಅರ್ಧ ಪುರಾವೆ ಕೈಗೆ ಸಿಗುವುದಿಲ್ಲ.

ಮಾನ್ಯತೆ ಕೊಡುವವರು ಯಾರು ಎಂಬುದನ್ನು ಮೊದಲು ತಿಳಿದಿರಿ. 1960ರಲ್ಲಿ ಯುನೆಸ್ಕೋ ಆಶ್ರಯದಲ್ಲಿ ಹುಟ್ಟಿದ ಐಎಫ್‌ಐಪಿ ಎಂಬ, ಕಂಪ್ಯೂಟರ್ ಸಂಘಗಳ ಅಂತರರಾಷ್ಟ್ರೀಯ ಒಕ್ಕೂಟದ ಕೆಳಗೆ ಐಪಿ3 ಎಂಬ ವಿಭಾಗವಿದೆ. ಅದು ವ್ಯಕ್ತಿಗಳಿಗೆ ಪ್ರಮಾಣಪತ್ರ ಕೊಡುವುದಿಲ್ಲ. ಪ್ರಮಾಣಪತ್ರ ಕೊಡುವ ಆಯಾ ದೇಶದ ವೃತ್ತಿ ಸಂಘಗಳ ಪದ್ಧತಿಯನ್ನು ಪರೀಕ್ಷಿಸಿ ಒಪ್ಪುತ್ತದೆ. ಆಸ್ಟ್ರೇಲಿಯನ್ ಕಂಪ್ಯೂಟರ್ ಸೊಸೈಟಿಯ ‘ಸರ್ಟಿಫೈಡ್ ಪ್ರೊಫೆಷನಲ್’ ಮತ್ತು ಕೆನಡಾದ ವೃತ್ತಿ ಸಂಘ ಸಿಐಪಿಎಸ್ ಕೊಡುವ ‘ಐ.ಎಸ್.ಪಿ.’ ಈ ಜಾತಿಯವು. ಬ್ರಿಟನ್ನಿನ ಕಂಪ್ಯೂಟರ್ ವೃತ್ತಿ ಸಂಘ ಬಿಸಿಎಸ್ ತನ್ನ ರಾಯಲ್ ಚಾರ್ಟರ್ (ರಾಜಸನ್ನದು) ಬಲದಿಂದ ‘ಚಾರ್ಟರ್ಡ್ ಐಟಿ ಪ್ರೊಫೆಷನಲ್’ ಕೊಡುತ್ತದೆ. ಕ್ಲೌಡ್ ಕಂಪನಿಗಳ ಪರೀಕ್ಷೆ ಪಾಸಾದ ಸರ್ಟಿಫಿಕೇಟು ಬೇರೆ, ಇದು ಬೇರೆ. ಅದು ಒಂದು ಉಪಕರಣ ಬಳಸಲು ಬರುತ್ತದೆ ಎನ್ನುತ್ತದೆ; ಇದು ಜವಾಬ್ದಾರಿ ಹೊರಬಲ್ಲಿರಿ ಎನ್ನುತ್ತದೆ.

ಆ ಜವಾಬ್ದಾರಿಯನ್ನು ಅಳೆಯುವ ಕೋಲೇ ಎಸ್‌ಎಫ್‌ಐಎ ಎಂಬ ಕೌಶಲ ಚೌಕಟ್ಟು. ಬಳಸುವವರು ಇದನ್ನು ‘ಸೋಫಿಯಾ’ ಎಂದೇ ಉಚ್ಚರಿಸುತ್ತಾರೆ. ಇದರ ಒಂಬತ್ತನೇ ಆವೃತ್ತಿ 2024ರಲ್ಲಿ ಬಂತು; ಸ್ವಂತ ಬಳಕೆಗೆ ದುಡ್ಡು ಕೊಡಬೇಕಿಲ್ಲ. ಇದರಲ್ಲಿ ಏಳು ಹಂತಗಳಿವೆ. ಒಂದನೇ ಹಂತ ಎಂದರೆ ಹೇಳಿದ್ದನ್ನು ಹೇಳಿದಂತೆ ಮಾಡುವುದು, ಮೂರು ಎಂದರೆ ಒಪ್ಪಿಸಿದ ಕೆಲಸವನ್ನು ತಾನೇ ಯೋಜಿಸಿ ಮುಗಿಸುವುದು, ಐದು ಎಂದರೆ ಫಲಿತಾಂಶಕ್ಕೆ ತಾನೇ ಹೊಣೆಯಾಗಿ ಇತರರಿಗೆ ಸಲಹೆ ಕೊಡುವುದು, ಏಳು ಸಂಸ್ಥೆಯ ದಿಕ್ಕನ್ನೇ ನಿರ್ಧರಿಸುವುದು. ಐಪಿ3ಯ ‘ಟೆಕ್ನಾಲಜಿಸ್ಟ್’ ಮಟ್ಟಕ್ಕೆ ಮೂರನೇ ಹಂತ ಬೇಕು, ‘ಪ್ರೊಫೆಷನಲ್’ ಮಟ್ಟಕ್ಕೆ ಐದು.

ಚೌಕಟ್ಟಿನಲ್ಲಿ ನೂರಕ್ಕೂ ಹೆಚ್ಚು ಕೌಶಲಗಳಿವೆ. ಎಲ್ಲಕ್ಕೂ ಕೈ ಹಾಕಬೇಡಿ. ಕಳೆದ ಮೂರು ವರ್ಷ ನಿಮ್ಮ ದಿನದ ಬಹುಪಾಲನ್ನು ತಿಂದ ಮೂರೋ ನಾಲ್ಕೋ ಕೌಶಲ ಆರಿಸಿ. ಸಪೋರ್ಟ್ ತಂಡದವರು ಪ್ರೋಗ್ರಾಮಿಂಗ್ ಎಂದು ಬರೆದುಕೊಳ್ಳುವ ತಪ್ಪು ತೀರಾ ಸಾಮಾನ್ಯ. ಇನ್ಸಿಡೆಂಟ್ ಮ್ಯಾನೇಜ್‌ಮೆಂಟ್, ಪ್ರಾಬ್ಲಂ ಮ್ಯಾನೇಜ್‌ಮೆಂಟ್ ಕೂಡ ಚೌಕಟ್ಟಿನಲ್ಲಿ ಪೂರ್ಣ ಪ್ರಮಾಣದ ಕೌಶಲಗಳೇ. ರಾತ್ರಿ ಪಾಳಿಯಲ್ಲಿ ಸರ್ವರ್ ಎಬ್ಬಿಸಿದವರ ಕೆಲಸ ಕೋಡ್ ಬರೆದವರ ಕೆಲಸಕ್ಕಿಂತ ಕಡಿಮೆಯದಲ್ಲ. ಅದನ್ನು ಅದರ ಹೆಸರಿನಲ್ಲೇ ತೋರಿಸಿ.

ಈಗ ಬರವಣಿಗೆ. ಪ್ರಮಾಣಪತ್ರಕ್ಕೆ ಹಾಕುವ ಹೆಚ್ಚಿನ ಅರ್ಜಿಗಳು ಸೋಲುವುದು ಇಲ್ಲೇ. ‘ಬಿಲ್ಲಿಂಗ್ ಸಿಸ್ಟಂ ನಿರ್ವಹಣೆಯಲ್ಲಿ ಭಾಗಿಯಾಗಿದ್ದೆ’ ಎಂಬ ಸಾಲಿಗೆ ಯಾವ ಹಂತವನ್ನೂ ಕೊಡಲಾಗದು. ಅದೇ ಕೆಲಸವನ್ನು ಹೀಗೆ ಬರೆದು ನೋಡಿ:

‘ತಿಂಗಳ ಕೊನೆಯಲ್ಲಿ ಬಿಲ್ಲಿಂಗ್ ಬ್ಯಾಚ್ ಬೆಳಿಗ್ಗೆ 6ರ ಗಡುವು ಮೀರುತ್ತಿತ್ತು. ಲಾಗ್ ನೋಡಿ, ಒಂದು ಕ್ವೆರಿ ಇಡೀ ಟೇಬಲ್ಲನ್ನು ಜಾಲಾಡುತ್ತಿರುವುದನ್ನು ಪತ್ತೆ ಮಾಡಿದೆ. ಹೊಸ ಇಂಡೆಕ್ಸ್ ಹಾಕಿದರೆ ಹಗಲಿನ ಎಂಟ್ರಿಗಳು ನಿಧಾನವಾಗುವಂತಿತ್ತು. ಆದ್ದರಿಂದ ಟೇಬಲ್ಲನ್ನು ತಿಂಗಳವಾರು ಪಾರ್ಟಿಷನ್ ಮಾಡುವ ದಾರಿ ಆರಿಸಿದೆ. ರೋಲ್‌ಬ್ಯಾಕ್ ಯೋಜನೆ ನಾನೇ ಬರೆದೆ. ಬದಲಾವಣೆಗೆ ಮ್ಯಾನೇಜರ್ ಒಪ್ಪಿಗೆ ಕೊಟ್ಟರು.’

ಸಮಸ್ಯೆ, ಪರ್ಯಾಯಗಳು, ಆಯ್ಕೆಗೆ ಕಾರಣ, ಅಂತಿಮ ಮಾತು ಯಾರದು ಎಂಬುದು, ಇವೆಲ್ಲ ಇದರಲ್ಲಿವೆ. ಕೊನೆಯ ವಾಕ್ಯವನ್ನು ಅಳಿಸುವ ಆಸೆ ಬರುತ್ತದೆ, ಅಳಿಸಬೇಡಿ. ಒಪ್ಪಿಗೆ ಮ್ಯಾನೇಜರದ್ದು ಎಂದರೆ ಇದು ನಾಲ್ಕನೇ ಹಂತದ ಪುರಾವೆ, ಐದರದ್ದಲ್ಲ. ಐದಕ್ಕೆ ಅರ್ಜಿ ಹಾಕುವುದಾದರೆ ತೀರ್ಮಾನ ನಿಮ್ಮದೇ ಆಗಿದ್ದ ಇನ್ನೊಂದು ಸಂದರ್ಭವನ್ನು ಹುಡುಕಿ. ಸಂದರ್ಶನದಲ್ಲಿ ಈ ಎಳೆಯನ್ನೇ ಹಿಡಿದು ಕೇಳುತ್ತಾರೆ.

ನಮ್ಮವರಿಗೆ ‘ನಾನು ಮಾಡಿದೆ’ ಎನ್ನಲು ಸಂಕೋಚ. ಎಲ್ಲ ಕಡೆ ‘ನಾವು’, ‘ನಮ್ಮ ತಂಡ’ ಎಂದೇ ಬರೆಯುತ್ತಾರೆ. ಮನೆಯಲ್ಲಿ ಅದು ವಿನಯ. ಆದರೆ ಮೌಲ್ಯಮಾಪಕರಿಗೆ ಎಂಟು ಜನರ ತಂಡದಲ್ಲಿ ನಿಮ್ಮ ಪಾಲು ಯಾವುದು ಎಂದು ಗೊತ್ತಾಗುವುದೇ ಇಲ್ಲ. ಚೌಕಟ್ಟಿನ ವಾಕ್ಯಗಳನ್ನು ಹಾಗೆಯೇ ನಕಲು ಮಾಡುವುದು ಇನ್ನೂ ದೊಡ್ಡ ಅಪಾಯ, ಕೃತಿಚೌರ್ಯವೆಂದು ಅರ್ಜಿಯೇ ಬಿದ್ದುಹೋಗಬಹುದು. ಗೋಪ್ಯತೆಯ ಒಪ್ಪಂದವಿದ್ದರೆ ಗ್ರಾಹಕರ ಹೆಸರು ಬಿಟ್ಟು ‘ಒಂದು ವಿಮಾ ಕಂಪನಿ’ ಎಂದರೆ ಸಾಕು. ಕಂಪನಿಯ ಕೋಡನ್ನೋ ಸ್ಕ್ರೀನ್‌ಶಾಟನ್ನೋ ಕಡತಕ್ಕೆ ಸೇರಿಸಬೇಡಿ.

ಇನ್ನು ಅನುಭವ ಪತ್ರ. ಇಲ್ಲಿನ ಕಂಪನಿಗಳು ಸಾಮಾನ್ಯವಾಗಿ ಕೊಡುವ ರಿಲೀವಿಂಗ್ ಲೆಟರಿನಲ್ಲಿ ಹುದ್ದೆ, ಎರಡು ದಿನಾಂಕ, ಶುಭ ಹಾರೈಕೆ ಬಿಟ್ಟರೆ ಏನೂ ಇರುವುದಿಲ್ಲ. ಆಸ್ಟ್ರೇಲಿಯಕ್ಕೆ ವಲಸೆ ಹೋಗಲು ಬೇಕಾದ ಕೌಶಲ ಮೌಲ್ಯಮಾಪನಕ್ಕೆ ಅದು ಸಾಲದು. ಲೆಟರ್‌ಹೆಡ್ ಮೇಲೆ ಸೇರಿದ ಮತ್ತು ಬಿಟ್ಟ ದಿನಾಂಕ, ಪೂರ್ಣಾವಧಿಯೋ ಅರೆಕಾಲಿಕವೋ, ವಾರಕ್ಕೆ ಎಷ್ಟು ಗಂಟೆ, ಯಾವ ದೇಶದಲ್ಲಿ ಕೆಲಸ, ಏನೇನು ಹೊಣೆ, ಸಹಿ ಹಾಕಿದವರ ಹುದ್ದೆ ಮತ್ತು ಸಂಪರ್ಕ, ಇಷ್ಟೂ ಇರಬೇಕು. ವಾರಕ್ಕೆ 20 ಗಂಟೆಗಿಂತ ಕಡಿಮೆ ಇದ್ದ ಅವಧಿ ಲೆಕ್ಕಕ್ಕೆ ಬರುವುದಿಲ್ಲ. ಹೊಣೆಗಳ ಕರಡನ್ನು ನೀವೇ ಬರೆದು, ನೋಟಿಸ್ ಅವಧಿ ಮುಗಿಯುವ ಮೊದಲೇ ಎಚ್‌ಆರ್‌ಗೆ ಕೊಡಿ. ಅವರು ಆಗುವುದಿಲ್ಲ ಎಂದರೆ, ನಿಮ್ಮ ಕೆಲಸ ಕಣ್ಣಾರೆ ಕಂಡ ಮೇಲಧಿಕಾರಿಯಿಂದ ಸ್ಟ್ಯಾಂಪ್ ಪೇಪರಿನ ಮೇಲೆ ನೋಟರಿ ಎದುರು ಘೋಷಣೆ ಮಾಡಿಸಿಕೊಳ್ಳಿ. ಜೊತೆಗೆ ಸಂಬಳ ಬಂದದ್ದಕ್ಕೆ ಸಾಕ್ಷಿ ಬೇಕು: ಪೇ ಸ್ಲಿಪ್, ಫಾರಂ 16, ಪಿಎಫ್ ಪಾಸ್‌ಬುಕ್. ಒಂದು ಕಂಪನಿಯ ಪೇರೋಲ್‌ನಲ್ಲಿದ್ದು ಇನ್ನೊಂದರ ಕಚೇರಿಯಲ್ಲಿ ದುಡಿದಿದ್ದರೆ ಪತ್ರದಲ್ಲಿ ಎರಡೂ ಹೆಸರು ಕಾಣಬೇಕು. ಇಲ್ಲದಿದ್ದರೆ ಪಿಎಫ್‌ನಲ್ಲಿ ಒಂದು, ಅರ್ಜಿಯಲ್ಲಿ ಇನ್ನೊಂದು ಎಂದಾಗಿ ಅನುಮಾನ ಹುಟ್ಟುತ್ತದೆ.

ಕನ್ನಡಿಗರಿಗೆ ಇನಿಷಿಯಲ್ ಕಾಟ ಬೇರೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಎರಡಕ್ಷರ, ಪಾಸ್‌ಪೋರ್ಟಿನಲ್ಲಿ ಅದೇ ಅಕ್ಷರಗಳು ಊರು ಮತ್ತು ತಂದೆಯ ಹೆಸರಾಗಿ ಹಿಗ್ಗಿ ಸರ್‌ನೇಮ್ ಜಾಗದಲ್ಲಿ, ಪ್ಯಾನ್‌ನಲ್ಲಿ ಮತ್ತೊಂದು ರೂಪ. ಇವೆಲ್ಲ ಒಬ್ಬರೇ ಎಂದು ಹೇಳುವ ಒಂದು ಅಫಿಡವಿಟ್ ಮಾಡಿಸಿ ಕಡತದ ಮೊದಲ ಪುಟದಲ್ಲೇ ಇಡಿ.

ಪದವಿಯ ಮಾತು ಚಿಕ್ಕದು. ಎಂಜಿನಿಯರಿಂಗ್ ಪದವಿಗಳನ್ನು ದೇಶಗಳು ಪರಸ್ಪರ ಒಪ್ಪುವ ವಾಷಿಂಗ್ಟನ್ ಒಪ್ಪಂದಕ್ಕೆ, ಕೋರ್ಸುಗಳಿಗೆ ಮಾನ್ಯತೆ ಕೊಡುವ ಭಾರತದ ಎನ್‌ಬಿಎ 2014ರಲ್ಲಿ ಕಾಯಂ ಸದಸ್ಯವಾಯಿತು. ಆದರೆ ಅದರ ಲಾಭ ಎನ್‌ಬಿಎಯ ಟಿಯರ್-1 ಎಂಬ ದರ್ಜೆಯ ಮಾನ್ಯತೆ ಇರುವ ಕೋರ್ಸುಗಳಿಗೆ ಮಾತ್ರ. ಕಾಲೇಜಿಗೆ ಮಾನ್ಯತೆ ಇದೆಯೇ ಎಂದು ಕೇಳುವುದಲ್ಲ, ನಿಮ್ಮ ಬ್ರಾಂಚಿಗೆ ನೀವು ಪಾಸಾದ ವರ್ಷ ಇತ್ತೇ ಎಂದು ಎನ್‌ಬಿಎ ಪಟ್ಟಿಯಲ್ಲೇ ನೋಡಿ. ಬಿಸಿಎ, ಎಂಸಿಎ ಎಂಜಿನಿಯರಿಂಗ್ ಪದವಿಗಳಲ್ಲದ ಕಾರಣ ಈ ಒಪ್ಪಂದದೊಳಗೆ ಬರುವುದಿಲ್ಲ. ಆ ಪದವೀಧರರಿಗೆ ಅನುಭವದ ಕಡತವೇ ಆಧಾರ.

ಪ್ರಮಾಣಪತ್ರ ಸಿಕ್ಕಿದ ಮೇಲೂ ಕೆಲಸವಿದೆ. ಆಸ್ಟ್ರೇಲಿಯದ ‘ಸರ್ಟಿಫೈಡ್ ಪ್ರೊಫೆಷನಲ್’ ವರ್ಷಕ್ಕೆ 30 ಗಂಟೆ ಕಲಿಕೆ ತೋರಿಸಬೇಕು, ನೀತಿ ಸಂಹಿತೆಗೆ ಬದ್ಧವಾಗಿರಬೇಕು. ಕಲಿಕೆಯ ಲೆಕ್ಕವನ್ನು ತಿಂಗಳ ಕೊನೆಯ ದಿನ ಒಂದು ಶೀಟ್‌ನಲ್ಲಿ ತುಂಬಿಸಿ: ದಿನಾಂಕ, ವಿಷಯ, ಗಂಟೆ, ಪುರಾವೆ ಎಲ್ಲಿದೆ. ಅದೇ ಕೂತಲ್ಲಿ ಆ ತಿಂಗಳು ನೀವೇ ತೆಗೆದುಕೊಂಡ ಒಂದು ತೀರ್ಮಾನವನ್ನು, ಕಾರಣ ಸಮೇತ, ಐದು ಸಾಲಿನಲ್ಲಿ ಬರೆದಿಡಿ. ಆಫೀಸ್ ಲ್ಯಾಪ್‌ಟಾಪಿನಲ್ಲಿ ಬೇಡ. ಕೆಲಸ ಬಿಡುವ ದಿನ ಅದನ್ನು ವಾಪಸ್ ಕೊಡಬೇಕಾಗುತ್ತದೆ.